ಹೆಸರಿನ ಮುಂದಿನ ಅಕ್ಷರಗಳು: ಹಾಸನದಲ್ಲಿ ಅಧ್ಯಾಪಕರ ಸಂಶೋಧನಾ ಪುಟಗಳನ್ನು ಕಟ್ಟಿದ ದಾಖಲೆ

ಹಾಸನದ ಒಂದು ಸ್ನಾತಕೋತ್ತರ ಸಂಸ್ಥೆಯ ಗ್ರಂಥಾಲಯದಲ್ಲಿ ನಾನು ಸಹಾಯಕ ಗ್ರಂಥಪಾಲಕನಾಗಿದ್ದೇನೆ. ನಮ್ಮಲ್ಲಿ ಅಧ್ಯಾಪಕರ ಪ್ರಕಟಣೆಗಳ ಪಟ್ಟಿಯನ್ನು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ಒಂದು ನಮೂನೆಯಲ್ಲಿ, ಬಡ್ತಿಯ ಅರ್ಜಿಗೆ ಇನ್ನೊಂದು ನಮೂನೆಯಲ್ಲಿ, ವಾರ್ಷಿಕ ವರದಿಗೆ ಮೂರನೆಯ ನಮೂನೆಯಲ್ಲಿ ಕೇಳುವುದು ವಾಡಿಕೆ. ಬರೆದು ಬರೆದು ಬೇಸತ್ತವರು ಹಿಂದಿನ ವರ್ಷದ ಹಾಳೆಯಲ್ಲೇ ದಿನಾಂಕ ತಿದ್ದಿ ಕೊಡುತ್ತಿದ್ದರು. ಅದನ್ನು ನಾವು ಮತ್ತೆ ಕೂತು ಬೆರಳಚ್ಚು ಮಾಡುತ್ತಿದ್ದೆವು. ಜೂನ್ ತಿಂಗಳ ಒಂದು ಸಭೆಯಲ್ಲಿ ನಿರ್ದೇಶಕರು, "ಪ್ರತಿಯೊಬ್ಬರಿಗೂ ಒಂದು ಪುಟ ಇರಲಿ, ಯಾರು ಯಾವ ನಮೂನೆ ಕೇಳಿದರೂ ಅಲ್ಲಿಂದಲೇ ತೆಗೆದುಕೊಡುವಂತಿರಲಿ, ಗ್ರಂಥಾಲಯದವರು ನೋಡಿಕೊಳ್ಳಿ" ಎಂದರು. ಕಾರ್ಯಕಲಾಪಗಳ ಪುಸ್ತಕದಲ್ಲಿ ಅದು ಒಂದೇ ಸಾಲು. ಆ ಸಾಲನ್ನು ಜಾರಿಗೆ ತರಲು ಹಿಡಿದ ನಾಲ್ಕು ತಿಂಗಳಲ್ಲಿ ಏನು ಕೆಟ್ಟಿತು, ಹೇಗೆ ಸರಿಯಾಯಿತು ಎಂಬುದನ್ನು, ಇದೇ ಕೆಲಸಕ್ಕೆ ಕೈಹಾಕುವ ಬೇರೆ ಕಾಲೇಜಿನವರಿಗೆ ಉಪಯೋಗಕ್ಕೆ ಬರಲೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಸಿದ್ಧವಾಗಿರುವುದನ್ನು ನೋಡಿದೆವು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ, ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ವಿದ್ವಾನ್ ಎಂಬ ತಜ್ಞರ ಕೋಶವನ್ನೂ, ಸಂಸ್ಥೆಗಳಿಗಾಗಿ ಅಧ್ಯಾಪಕರ ಪುಟಗಳನ್ನು ಕಟ್ಟಿಕೊಡುವ ಐರಿನ್ಸ್ ಎಂಬ ಸೇವೆಯನ್ನೂ ನಡೆಸುತ್ತಿದೆ. ಐರಿನ್ಸ್ ಉಚಿತವಾದುದು, ಸರ್ವರನ್ನು ನಾವು ಸಾಕಬೇಕಾಗಿಲ್ಲ. ಅದಕ್ಕೆ ಸೇರುವ ಪತ್ರವ್ಯವಹಾರ ಮೇಲಿನ ಹಂತದಲ್ಲಿ ಆಗಬೇಕಾದದ್ದು. ಆದರೆ ಸೇರಿದ ದಿನ ಅದಕ್ಕೆ ತುಂಬಲು ಶುದ್ಧವಾದ ಪಟ್ಟಿ ನಮ್ಮ ಬಳಿ ಇರಲಿಲ್ಲವೆಂಬುದು ನಿಜವಾದ ತೊಡಕು. ಆದ್ದರಿಂದ ಪಟ್ಟಿಯನ್ನು ಶುದ್ಧಗೊಳಿಸುವುದನ್ನೇ ಮುಖ್ಯ ಕೆಲಸವೆಂದು ಇಟ್ಟುಕೊಂಡು, ಪುಟಗಳನ್ನು ಅದರ ಮುಖವಾಗಿ ಕಟ್ಟಲು ನಿರ್ಧರಿಸಿದೆವು. 2003ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ, ಸಂಶೋಧಕರ ಪುಟಗಳನ್ನು ಕಟ್ಟುವ ವೀವೊ ಎಂಬ ಮುಕ್ತ ತಂತ್ರಾಂಶವನ್ನೂ ಒಂದು ವಾರ ಪ್ರಯತ್ನಿಸಿದೆ. ಜಾವಾ, ಟಾಮ್‌ಕ್ಯಾಟ್, ಸೋಲರ್ ಮೂರೂ ಒಟ್ಟಿಗೆ ಓಡಬೇಕಾದ ಆ ವ್ಯವಸ್ಥೆಗೆ, ಗ್ರಂಥಾಲಯದಲ್ಲಿ ನಿವೃತ್ತಿಗೆ ಕಾದಿದ್ದ ನಾಲ್ಕು ಜಿಬಿ ಮೆಮೊರಿಯ ಡೆಸ್ಕ್‌ಟಾಪ್ ಸಾಲಲಿಲ್ಲ. ಕೊನೆಗೆ ಅದೇ ಯಂತ್ರದಲ್ಲಿ ಉಬುಂಟು, ಎಸ್‌ಕ್ಯೂಲೈಟ್‌ನ ಒಂದು ದತ್ತಾಂಶ ಕಡತ ಮತ್ತು ಪೈಥಾನ್‌ನಲ್ಲಿ ಬರೆದ ಕೆಲವು ಸ್ಕ್ರಿಪ್ಟ್‌ಗಳನ್ನು ಇಟ್ಟು, ರಾತ್ರಿ ಎರಡು ಗಂಟೆಗೆ ಎಲ್ಲ ಪುಟಗಳನ್ನೂ ಸ್ಥಿರ ಎಚ್‌ಟಿಎಂಎಲ್ ಆಗಿ ಹೊಸದಾಗಿ ಹೆಣೆದು ಸಂಸ್ಥೆಯ ಜಾಲತಾಣಕ್ಕೆ ನಕಲು ಮಾಡುವ ಸರಳ ವಿಧಾನಕ್ಕೆ ಬಂದೆ. ಮಳೆಗಾಲದಲ್ಲಿ ವಿದ್ಯುತ್ ಹೋದರೂ ಪುಟಗಳು ತೆರೆಯುತ್ತವೆ ಎಂಬುದೇ ಈ ವಿಧಾನದ ಪರವಾಗಿ ನಿರ್ದೇಶಕರಿಗೆ ನಾನು ಕೊಟ್ಟ ಮುಖ್ಯ ಕಾರಣ.

ಎಮ್ಮೆಯ ಪ್ರಕರಣ

ಮೊದಲ ಆವೃತ್ತಿಯಲ್ಲಿ ನಾನು ಮಾಡಿದ ತಪ್ಪು ತುಂಬ ಸಹಜವಾದದ್ದು. ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಗುರುತಾದ ಡಿಒಐ ಸಂಖ್ಯೆಗಳನ್ನು ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ ತನ್ನ ಭಂಡಾರವನ್ನು ಯಾರು ಬೇಕಾದರೂ ಪ್ರಶ್ನಿಸಬಹುದಾದ ರೀತಿಯಲ್ಲಿ ತೆರೆದಿಟ್ಟಿದೆ. ಪ್ರಶ್ನೆಯ ಜೊತೆಗೆ ನಮ್ಮ ಮಿಂಚಂಚೆಯ ವಿಳಾಸವನ್ನು ಕಳಿಸುವ ಸೌಜನ್ಯ ತೋರಿದರೆ ಸಾಕು. ಅಧ್ಯಾಪಕರ ಹೆಸರನ್ನು ಕೊಟ್ಟು ಕೇಳಿದೆ, ಬಂದ ಲೇಖನಗಳನ್ನು ಅವರವರ ಪುಟಕ್ಕೆ ಹಾಕಿದೆ. ಮರುದಿನ ಬೆಳಿಗ್ಗೆ ಕನ್ನಡ ವಿಭಾಗದ ಹಿರಿಯ ಪ್ರಾಧ್ಯಾಪಕರು ಗ್ರಂಥಾಲಯದ ಬಾಗಿಲಲ್ಲೇ ನಿಂತು, "ಎಮ್ಮೆಯ ಕೆಚ್ಚಲು ಬಾವಿನ ಬಗ್ಗೆ ನಾನು ಯಾವಾಗ ಬರೆದೆ ಮಾರಾಯರೇ?" ಎಂದು ಕೇಳಿದರು. ಅದೇ ಹೆಸರಿನ, ಅದೇ ಇನಿಷಿಯಲ್ಲಿನ ಪಶುವೈದ್ಯ ವಿಜ್ಞಾನಿಯೊಬ್ಬರ ಲೇಖನಗಳೆಲ್ಲ ಅವರ ಪುಟದಲ್ಲಿ ಸಾಲಾಗಿ ಕೂತಿದ್ದವು. ಅವರು ಹಳಗನ್ನಡ ಓದಿಸುವವರು.

ಇದು ಎಲ್ಲಿ ಬೇಕಾದರೂ ಆಗಬಹುದಾದ ತಪ್ಪಾದರೂ ನಮ್ಮ ಹೆಸರಿನ ಪದ್ಧತಿ ಅದನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಮನೆತನದ ಹೆಸರು ಬಹಳ ಮನೆಗಳಲ್ಲಿ ಇಲ್ಲವೇ ಇಲ್ಲ. ಆದರೆ ಭಂಡಾರದಲ್ಲಿ ಪ್ರತಿ ಲೇಖಕರಿಗೂ ಸ್ವಂತ ಹೆಸರು, ಕುಟುಂಬದ ಹೆಸರು ಎಂಬ ಎರಡು ಖಾನೆಗಳಿರುತ್ತವೆ. ಎಚ್.ಕೆ. ಮಂಜುನಾಥ ಎಂಬಂಥ ಹೆಸರನ್ನು ಒಂದು ಪತ್ರಿಕೆ ಮಂಜುನಾಥ ಎಂಬುದನ್ನೇ ಮನೆತನವೆಂದು ಭಾವಿಸಿ ದಾಖಲಿಸುತ್ತದೆ. ಇನ್ನೊಂದು ಎಚ್‌ಕೆ ಎಂಬುದನ್ನು ಮನೆತನವಾಗಿಸಿ ಮಂಜುನಾಥ ಎಂಬುದನ್ನು ಎಂ ಎಂಬ ಒಂದಕ್ಷರಕ್ಕೆ ಇಳಿಸುತ್ತದೆ. ಮೂರನೆಯದು ಪಾಸ್‌ಪೋರ್ಟಿನಲ್ಲಿರುವಂತೆ ಊರನ್ನೂ ತಂದೆಯನ್ನೂ ಬಿಡಿಸಿ ಉದ್ದಕ್ಕೆ ಬರೆಯುತ್ತದೆ. ಮದುವೆಯ ನಂತರ ತಂದೆಯ ಅಕ್ಷರದ ಜಾಗಕ್ಕೆ ಗಂಡನ ಅಕ್ಷರವನ್ನು ತಂದುಕೊಂಡ ಮೇಡಂ ಒಬ್ಬರು ಪಿಎಚ್‌.ಡಿ. ಕಾಲದ ಲೇಖನಗಳಲ್ಲಿ ಒಬ್ಬ ವ್ಯಕ್ತಿ, ಈಚಿನ ಲೇಖನಗಳಲ್ಲಿ ಇನ್ನೊಬ್ಬ ವ್ಯಕ್ತಿ.

ಊರಿನ ಹೆಸರನ್ನು ಸೇರಿಸಿ ಹುಡುಕಿದರೆ ಸರಿಹೋದೀತು ಎಂದುಕೊಂಡೆ. ಇಂಗ್ಲಿಷ್ ಕಾಗುಣಿತದಲ್ಲಿ ನಮ್ಮ ಹಾಸನವೂ ಹಸನ್ ಎಂಬ ಅರಬ್ಬಿ ಹೆಸರೂ ಒಂದೇ ಆಗಿಬಿಡುತ್ತವೆ ಎಂಬುದು ಅಲ್ಲಿಯವರೆಗೆ ತಲೆಗೆ ಹೊಳೆದಿರಲಿಲ್ಲ. ಮೊರಾಕ್ಕೊ ದೇಶದ ಕಾಸಾಬ್ಲಾಂಕಾದಲ್ಲಿ ಎರಡನೇ ಹಸನ್ ದೊರೆಯ ಹೆಸರಿನ ವಿಶ್ವವಿದ್ಯಾಲಯವಿದೆ, ಸೆಟ್ಟಾಟ್ ಎಂಬ ಊರಿನಲ್ಲಿ ಮೊದಲನೇ ಹಸನ್ ಹೆಸರಿನದಿದೆ. ಹಾಸನಾಂಬೆಯ ಊರನ್ನು ಕೇಳಿದರೆ ಮೊರಾಕ್ಕೊದ ಭೌತವಿಜ್ಞಾನ ಬರುತ್ತಿತ್ತು. ಇದಲ್ಲದೆ ಕ್ರಾಸ್‌ರೆಫ್‌ಗೆ ಪ್ರಕಾಶಕರು ಕೊಡುವ ಮಾಹಿತಿಯಲ್ಲಿ ಲೇಖಕರ ಸಂಸ್ಥೆಯ ವಿವರ ಕಡ್ಡಾಯವಲ್ಲವಾದ್ದರಿಂದ ಎಷ್ಟೋ ಲೇಖನಗಳಲ್ಲಿ ಆ ಖಾನೆಯೇ ಖಾಲಿ. ಅಂದೇ ಸಂಜೆ ಎಲ್ಲ ಪುಟಗಳನ್ನೂ ಕೆಳಗಿಳಿಸಿದೆ. ಹೆಸರಿನಿಂದ ಲೇಖನಕ್ಕೆ ಹೋಗುವ ದಾರಿ ಮುಚ್ಚಿತು. ವ್ಯಕ್ತಿಗೆ ಒಂದು ಸಂಖ್ಯೆ ಕೊಟ್ಟು, ಸಂಖ್ಯೆಯಿಂದ ಲೇಖನಕ್ಕೆ ಹೋಗುವುದೇ ಉಳಿದ ದಾರಿ.

ಹದಿನಾರು ಅಂಕಿಗಳು

ಆ ಸಂಖ್ಯೆಯ ಹೆಸರು ಆರ್ಕಿಡ್. ಸಂಶೋಧಕರಿಗೆ ಉಚಿತವಾಗಿ ಕೊಡುವ ಈ ಗುರುತು 2012ರ ಅಕ್ಟೋಬರಿನಲ್ಲಿ ಬಳಕೆಗೆ ಬಂದಿತು. ಸುತ್ತೋಲೆ ಓದಿದ ಸಸ್ಯಶಾಸ್ತ್ರ ವಿಭಾಗದವರು, "ಸಕಲೇಶಪುರದ ಕಡೆ ಮರದ ಮೇಲೆ ಬೇಕಾದಷ್ಟು ಸೀತಾಳೆ ದಂಡೆ ಆರ್ಕಿಡ್ ಇದೆ, ತಂದುಕೊಡೋಣವೇ ಸರ್?" ಎಂದು ನಕ್ಕರು. ಅನೇಕರ ಬಳಿ ಈ ಸಂಖ್ಯೆ ಆಗಲೇ ಇತ್ತು, ಏಕೆಂದರೆ ಲೇಖನ ಸಲ್ಲಿಸುವಾಗ ಪತ್ರಿಕೆಗಳೇ ಅದನ್ನು ಕೇಳುತ್ತವೆ. ಆದರೆ ಸಂಖ್ಯೆ ಪಡೆದ ಮೇಲೆ ಆ ಖಾತೆಯೊಳಗೆ ಮತ್ತೆ ಕಾಲಿಟ್ಟವರು ಕಡಿಮೆ. ಮನೆಗೆ ನಂಬರು ಹಾಕಿಸಿ ಬೀಗ ಹಾಕಿಕೊಂಡು ಹೋದಂತೆ ಬಹಳಷ್ಟು ಖಾತೆಗಳು ಖಾಲಿಯಿದ್ದವು.

ಸಂಖ್ಯೆಗಳನ್ನು ಸಂಗ್ರಹಿಸಲು ಎಲ್ಲ ವಿಭಾಗಗಳಿಗೂ ಒಂದು ಸ್ಪ್ರೆಡ್‌ಶೀಟ್ ಕಳಿಸಿದ್ದು ನನ್ನ ಎರಡನೆಯ ತಪ್ಪು. ಆರ್ಕಿಡ್ ಸಂಖ್ಯೆಯಲ್ಲಿ ನಾಲ್ಕು ನಾಲ್ಕರ ಗುಂಪಾಗಿ 16 ಸ್ಥಾನಗಳಿರುತ್ತವೆ. ನಡುವಿನ ಅಡ್ಡಗೆರೆಗಳನ್ನು ಬಿಟ್ಟು ಬರೆದರೆ ಸ್ಪ್ರೆಡ್‌ಶೀಟ್ ಅದನ್ನು ಸಾಧಾರಣ ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಗಳನ್ನು ನುಂಗುತ್ತದೆ. ಹಿರಿಯ ಅಧ್ಯಾಪಕರ ಸಂಖ್ಯೆಗಳು ಹೆಚ್ಚಾಗಿ 0000ದಿಂದ ಶುರುವಾಗುವುದರಿಂದ ಒಂಬತ್ತು ಅಂಕಿಗಳು ಉಳಿದಿದ್ದವು. ಎಡಕ್ಕೆ ಏಳು ಸೊನ್ನೆ ತುಂಬಿದರೆ ಮೂಲ ಸಂಖ್ಯೆ ಮರಳಿ ಸಿಗುತ್ತದೆ. ಈಚೆಗೆ ನೋಂದಾಯಿಸಿಕೊಂಡ ಕಿರಿಯರ ಸಂಖ್ಯೆಗಳು 0009ರಿಂದ ಶುರುವಾಗುತ್ತವೆ. ಅವುಗಳಲ್ಲಿ ಸೊನ್ನೆ ಕಳೆದರೂ 13 ಅಂಕಿ ಉಳಿಯುವುದರಿಂದ ಸ್ಪ್ರೆಡ್‌ಶೀಟ್ ಅವನ್ನು ಹತ್ತರ ಘಾತದ ರೂಪಕ್ಕೆ ತಿರುಗಿಸಿ ತೋರಿಸಿತು, ಸಿಎಸ್‌ವಿ ಎಂಬ ಸಾದಾ ಪಠ್ಯದ ಕಡತ ಮಾಡಿ ಉಳಿಸಿದಾಗ ಕಣ್ಣಿಗೆ ಕಂಡಷ್ಟೇ ಉಳಿದು ಬಾಕಿ ಅಂಕಿಗಳು ಶಾಶ್ವತವಾಗಿ ಹೋದವು. ಹಾಗಾಗಿ ಹಿರಿಯರ ಸಂಖ್ಯೆಗಳನ್ನು ಕೂತಲ್ಲೇ ಸರಿಪಡಿಸಿದೆ, ಕಿರಿಯರ ಬಳಿ ಮಾತ್ರ ಮತ್ತೊಮ್ಮೆ ಹೋಗಿ ಕೇಳಬೇಕಾಯಿತು.

ಸರಿಪಡಿಸಿದ ಸಂಖ್ಯೆ ನಿಜಕ್ಕೂ ಸರಿಯೇ ಎಂದು ಪರೀಕ್ಷಿಸಲು ಕೊನೆಯ ಅಂಕಿ ನೆರವಾಗುತ್ತದೆ. ಮೊದಲ 15 ಅಂಕಿಗಳನ್ನು ಎಡದಿಂದ ಒಂದೊಂದಾಗಿ ತೆಗೆದುಕೊಂಡು, ಅದುವರೆಗಿನ ಮೊತ್ತಕ್ಕೆ ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸುತ್ತ ಹೋಗಬೇಕು. ಕೊನೆಗೆ ಬಂದ ಮೊತ್ತವನ್ನು 11ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು 12ರಿಂದ ಕಳೆದು, ಅದನ್ನು ಪುನಃ 11ರಿಂದ ಭಾಗಿಸಿ ಸಿಗುವ ಶೇಷವೇ ಹದಿನಾರನೆಯ ಅಂಕಿ. ಅದು 10 ಬಂದರೆ ಎಕ್ಸ್ ಅಕ್ಷರವನ್ನು ಬರೆಯುತ್ತಾರೆ. ನನ್ನ ಸ್ಕ್ರಿಪ್ಟನ್ನು 0000-0002-1825-0097 ಎಂಬ ಸಂಖ್ಯೆಯ ಮೇಲೆ ಪರೀಕ್ಷಿಸಿದೆ: ಮೊತ್ತ 1314, ಶೇಷ 5, ಕೊನೆಯ ಅಂಕಿ 7. ಈ ಸಂಖ್ಯೆ ಜೊಸಾಯ ಕಾರ್ಬೆರಿ ಎಂಬವರದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ 1929ರಿಂದ ಚೇಷ್ಟೆಗಾಗಿ ಸಾಕಿಕೊಂಡು ಬಂದಿರುವ, ಒಡಕು ಮಡಕೆಗಳ ಶಾಸ್ತ್ರದಲ್ಲಿ ಪಾರಂಗತರಾದ, ಹುಟ್ಟಿಯೇ ಇಲ್ಲದ ಪ್ರಾಧ್ಯಾಪಕರು ಅವರು. ಪರೀಕ್ಷೆಗಾಗಿ ಅವರಿಗೊಂದು ಪುಟ ಕಟ್ಟಿದ್ದೆ. ಅಳಿಸಲು ಮರೆತು, ಎರಡು ದಿನ ಅವರು ನಮ್ಮ ಸಂಸ್ಥೆಯ ಅತ್ಯಂತ ಅಚ್ಚುಕಟ್ಟಾದ ಪುಟದ ಒಡೆಯರಾಗಿದ್ದರು.

ಈ ಅನುಭವದ ನಂತರ ಸಂಖ್ಯೆಯನ್ನು ಕೈಯಿಂದ ಬರೆಸುವುದನ್ನೇ ಬಿಟ್ಟು, ಅಧ್ಯಾಪಕರೇ ತಮ್ಮ ಆರ್ಕಿಡ್ ಖಾತೆಗೆ ಲಾಗಿನ್ ಆಗಿ ಒಪ್ಪಿಗೆ ಕೊಟ್ಟರೆ ಸಂಖ್ಯೆ ತಾನಾಗಿ ನಮ್ಮ ಕೋಶಕ್ಕೆ ಬರುವ ವ್ಯವಸ್ಥೆ ಮಾಡಿದೆ. ಮೊದಲೇ ಹೀಗೆ ಮಾಡಬೇಕಿತ್ತು. ಖಾತೆಯಲ್ಲಿರುವ ಪ್ರತಿ ಲೇಖನವನ್ನು ಎಲ್ಲರಿಗೂ, ನಂಬಿದ ಸಂಸ್ಥೆಗಳಿಗೆ ಅಥವಾ ತನಗೆ ಮಾತ್ರ ಕಾಣುವಂತೆ ಇಡುವ ಆಯ್ಕೆ ಖಾತೆದಾರರಿಗಿದೆ. ಎಲ್ಲರಿಗೂ ಎಂದು ಇಟ್ಟದ್ದನ್ನು ಮಾತ್ರ ನನ್ನ ಸ್ಕ್ರಿಪ್ಟ್ ಓದುತ್ತದೆ, ಓದಿದ ಡಿಒಐಗೆ ಕ್ರಾಸ್‌ರೆಫ್‌ನಿಂದ ಶೀರ್ಷಿಕೆ, ಪತ್ರಿಕೆ, ವರ್ಷಗಳನ್ನು ತರುತ್ತದೆ. ಡಿಒಐಯಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳಿಗೆ ಭೇದವಿಲ್ಲ. ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಿ ಹೋಲಿಸದಿದ್ದರೆ ಒಂದೇ ಲೇಖನ ಎರಡು ಸಲ ಕಾಣಿಸುತ್ತದೆ. ಹೆಸರಿನ ಹೋಲಿಕೆಯಿಂದಷ್ಟೇ ಸಿಕ್ಕ ಲೇಖನಗಳು ಈಗ ನೇರವಾಗಿ ಪುಟಕ್ಕೆ ಹೋಗದೆ ಅನುಮಾನದ ಪಟ್ಟಿ ಎಂಬ ಬೇರೊಂದು ಕೋಷ್ಟಕದಲ್ಲಿ ನಿಲ್ಲುತ್ತವೆ. ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್, ಯಂತ್ರಗಳು ಓದಲು ಅಧಿಕೃತ ದಾರಿಯನ್ನು ಕೊಟ್ಟಿಲ್ಲವಾದ್ದರಿಂದ ಅದನ್ನು ಪುಟದಲ್ಲಿ ಒಂದು ಕೊಂಡಿಯಾಗಿ ಮಾತ್ರ ಇಟ್ಟಿದ್ದೇನೆ.

ಕನ್ನಡದಲ್ಲಿ ಬರೆದವರ ಪಾಡು

ಇಷ್ಟಾದ ಮೇಲೆ ರಸಾಯನಶಾಸ್ತ್ರ ವಿಭಾಗದ ಪುಟಗಳು ತುಂಬಿ ತುಳುಕುತ್ತಿದ್ದವು, ಕನ್ನಡ ಮತ್ತು ಇತಿಹಾಸ ವಿಭಾಗಗಳ ಪುಟಗಳು ಬರಿದಾಗಿದ್ದವು. ಹೊಯ್ಸಳ ಶಾಸನಗಳ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಡಂ ಅವರ ಪುಟದಲ್ಲಿ ಇದ್ದದ್ದು ಒಂದು ಸಮ್ಮೇಳನದ ಇಂಗ್ಲಿಷ್ ಪ್ರಬಂಧ. ಬೇಲೂರು ತಾಲ್ಲೂಕಿನಲ್ಲೇ ಇರುವ ಹಲ್ಮಿಡಿಯ ಶಾಸನದ ಬಗ್ಗೆ ಅವರು ಬರೆದದ್ದೆಲ್ಲ ಕನ್ನಡದ ಪುಸ್ತಕಗಳಲ್ಲಿ ಮತ್ತು ಅಭಿನಂದನ ಗ್ರಂಥಗಳಲ್ಲಿ ಇತ್ತು. ಅವಕ್ಕೆ ಡಿಒಐ ಇಲ್ಲ, ಹಳೆಯ ಕೆಲವಕ್ಕೆ ಪುಸ್ತಕಗಳ ಗುರುತುಸಂಖ್ಯೆಯಾದ ಐಎಸ್‌ಬಿಎನ್ ಕೂಡ ಇಲ್ಲ. ಯಂತ್ರ ತಾನಾಗಿ ತರಬಲ್ಲದ್ದನ್ನು ಮಾತ್ರ ಸಂಶೋಧನೆಯೆಂದು ತೋರಿಸುವ ಪುಟ ಹಾಸನದಂಥ ಊರಿನ ಸಂಸ್ಥೆಗೆ ಒಪ್ಪುವಂಥದ್ದಲ್ಲ ಎಂಬುದು ನನಗೆ ಮನವರಿಕೆಯಾದದ್ದು ಆ ಖಾಲಿ ಪುಟವನ್ನು ಅವರೆದುರಿಗೇ ತೆರೆದು ತೋರಿಸಬೇಕಾಗಿ ಬಂದಾಗ. ಅವರು ಏನೂ ಅನ್ನಲಿಲ್ಲ, "ಪರವಾಗಿಲ್ಲ ಬಿಡಿ" ಎಂದರು. ಕೈಯಿಂದ ತುಂಬುವ ನಮೂನೆಯೊಂದನ್ನು ಅದೇ ವಾರ ಕಟ್ಟಿದೆ.

ಆ ನಮೂನೆಯ ವರ್ಗಗಳನ್ನು ನಿರ್ಧರಿಸಲು ಕನ್ನಡ ವಿಭಾಗದವರೊಡನೆ ಎರಡು ಮಧ್ಯಾಹ್ನ ಕೂರಬೇಕಾಯಿತು. ಸಂಪಾದನೆ ಎಂಬ ಒಂದೇ ಮಾತು, ಹಲವರ ಲೇಖನಗಳನ್ನು ಒಟ್ಟುಗೂಡಿಸುವುದಕ್ಕೂ, ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠಾಂತರಗಳೊಡನೆ ಕಾವ್ಯವೊಂದನ್ನು ಪರಿಷ್ಕರಿಸುವುದಕ್ಕೂ ಸಲ್ಲುತ್ತದೆ. ಎರಡನೆಯದು ವರ್ಷಗಟ್ಟಲೆ ಹಿಡಿಯುವ ಸಂಶೋಧನೆ. ಸಂಪಾದಕ ಎಂಬ ಒಂದೇ ಆಯ್ಕೆಯಿದ್ದ ನನ್ನ ಮೊದಲ ನಮೂನೆಯನ್ನು ನೋಡಿ, ಎಮ್ಮೆಯ ವಿಷಯದಲ್ಲಿ ನಕ್ಕಿದ್ದ ಪ್ರಾಧ್ಯಾಪಕರು ಈ ಸಲ ನಗಲಿಲ್ಲ. ಗ್ರಂಥಸಂಪಾದನೆ, ಸಂಕಲನ ಸಂಪಾದನೆ ಎಂದು ಎರಡು ವರ್ಗ ಮಾಡಿದೆ; ಅಭಿನಂದನ ಗ್ರಂಥದ ಲೇಖನಕ್ಕೆ ಪುಸ್ತಕದ ಅಧ್ಯಾಯಕ್ಕಿರುವ ಸ್ಥಾನವನ್ನೇ ಕೊಟ್ಟೆ. ಐಎಸ್‌ಬಿಎನ್ 2007ರ ಜನವರಿಯಿಂದ 13 ಅಂಕಿಗಳದ್ದಾಗಿರುವುದರಿಂದ, ಹಳೆಯ ಹತ್ತು ಅಂಕಿಗಳ ಸಂಖ್ಯೆಯನ್ನು ಕೊಟ್ಟರೆ ಮುಂದೆ 978 ಸೇರಿಸಿ ಕೊನೆಯ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕುವಂತೆ ಮಾಡಿದ್ದೇನೆ. ಸಂಖ್ಯೆಯಿಲ್ಲದ ಪುಸ್ತಕವಾದರೆ ಪ್ರತಿಯನ್ನು ಗ್ರಂಥಾಲಯಕ್ಕೆ ತಂದು ತೋರಿಸಬೇಕು, ಶೀರ್ಷಿಕೆಪುಟದ ಚಿತ್ರವನ್ನು ನಾವು ತೆಗೆದಿಡುತ್ತೇವೆ.

ಅಧ್ಯಾಪಕರ ಬಯೋಡೇಟಾಗಳು ಹಳೆಯ ನುಡಿ ಫಾಂಟಿನಲ್ಲಿದ್ದವು. ಯುನಿಕೋಡ್‌ಗೆ ಮುಂಚಿನ ಆ ಪದ್ಧತಿಯಲ್ಲಿ ಅಕ್ಷರದ ತುಂಡುಗಳನ್ನು ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕೂರಿಸಿರುವುದರಿಂದ, ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಕಾಣುವುದಿಲ್ಲ. ಒಂದು ಸಂಕೇತಕ್ಕೆ ಇನ್ನೊಂದನ್ನು ಇಟ್ಟರೆ ಪರಿವರ್ತನೆ ಮುಗಿಯುವುದೂ ಇಲ್ಲ, ಏಕೆಂದರೆ ಅಲ್ಲಿನ ಕ್ರಮ ಕಣ್ಣಿಗೆ ಕಾಣುವ ಕ್ರಮ, ಯುನಿಕೋಡಿನದು ಉಚ್ಚಾರಣೆಯ ಕ್ರಮ. ಅಕ್ಕಿ ಎಂಬಲ್ಲಿ ಹಳೆಯ ಪದ್ಧತಿ ಕಿ ಬರೆದು ಆಮೇಲೆ ಒತ್ತನ್ನು ಇಡುತ್ತದೆ. ಯುನಿಕೋಡಿನಲ್ಲಿ ಒತ್ತಿನ ವ್ಯಂಜನ ಮೊದಲು, ಗುಡಿಸು ಕೊನೆಗೆ. ಕರ್ನಾಟಕ ಎಂಬಲ್ಲಿ ಅರ್ಕಾವೊತ್ತು ನಾ ಅಕ್ಷರದ ಹಿಂದೆ ಇರುತ್ತದೆ, ಅದನ್ನು ಎತ್ತಿ ಮುಂದೆ ತರಬೇಕು. ನನ್ನ ಪರಿವರ್ತಕ ಅರ್ಕಾವೊತ್ತನ್ನು ಒಂದೇ ಅಕ್ಷರ ಮುಂದಕ್ಕೆ ಸರಿಸುತ್ತಿತ್ತು, ಹಾಗಾಗಿ ಸರ್ವಜ್ಞ ಸರಿಯಾಗಿ ಬಂದರೂ ಒತ್ತಕ್ಷರದ ಮೇಲೆ ಅರ್ಕಾವೊತ್ತು ಬರುವ ಸಾಮರ್ಥ್ಯ, ಮರ್ತ್ಯದಂಥ ಪದಗಳು ಕೆಟ್ಟವು. ಇಡೀ ಗುಣಿತಾಕ್ಷರವನ್ನು ಒಂದು ಘಟಕವಾಗಿ ಹಿಡಿದು ಸರಿಸುವಂತೆ ತಿದ್ದಿದ ಮೇಲೆ ಹದಕ್ಕೆ ಬಂತು.

ಹುಡುಕಾಟದಲ್ಲಿ ಇನ್ನೆರಡು ತೊಂದರೆಗಳು ಕಾಣಿಸಿಕೊಂಡವು. ಕೋ ಎಂಬ ಅಕ್ಷರದಲ್ಲಿ ಓತ್ವದ ದೀರ್ಘವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ, ಕೊಂಬಿನ ಇಳಿ, ದೀರ್ಘ ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎನ್‌ಎಫ್‌ಸಿ ಎಂಬ ಪ್ರಮಾಣೀಕರಣ ವಿಧಿಯನ್ನು ಎಲ್ಲ ಪಠ್ಯಕ್ಕೂ, ಹುಡುಕುವ ಪದಕ್ಕೂ ಅನ್ವಯಿಸಿದರೆ ಇದು ಪರಿಹಾರವಾಗುತ್ತದೆ. ಎರಡನೆಯದಕ್ಕೆ ಆ ವಿಧಿಯೂ ಸಾಲದು: ಅನುಸ್ವಾರದ ಸೊನ್ನೆಯ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಬರೆದ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ಸಂಸ್ಕೃತಿ ಎಂದು ಹುಡುಕಿದರೆ ಹಾಗೆ ಬರೆದ ಲೇಖನ ಸಿಗುವುದಿಲ್ಲ. ಅಕ್ಷರದ ಬೆನ್ನಿಗೆ ಅಂಟಿಕೊಂಡ ಅಂಕಿ ಸೊನ್ನೆ ಕಂಡರೆ ಅನುಸ್ವಾರವಾಗಿ ಬದಲಿಸುವ ಒಂದು ಸಾಲಿನ ನಿಯಮವನ್ನು ಸೇರಿಸಿದೆ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಬೇರೆಲ್ಲೂ ಬರಲಿಲ್ಲ.

ಅಧ್ಯಾಪಕರ ಅಕಾರಾದಿ ಪಟ್ಟಿಯಲ್ಲಿ ಇನಿಷಿಯಲ್ ಮತ್ತೆ ಕಾಡಿತು. ಎಚ್, ಎಲ್, ಎಂ, ಎನ್, ಎಸ್ ಎಲ್ಲವೂ ಕನ್ನಡದಲ್ಲಿ ಎ ಅಕ್ಷರದಿಂದಲೇ ಶುರುವಾಗುವುದರಿಂದ ಸಂಸ್ಥೆಯ ಅರ್ಧದಷ್ಟು ಜನ ಎ ಅಕ್ಷರದ ಕೆಳಗೆ ಜಮಾಯಿಸಿ, ಕ ವರ್ಗದಲ್ಲಿ ಕೆ ಇನಿಷಿಯಲ್ಲಿನವರು ಮಾತ್ರ ಉಳಿದರು. ಸ್ವಂತ ಹೆಸರಿನಿಂದ ವಿಂಗಡಿಸಿ, ಇನಿಷಿಯಲ್ಲನ್ನು ತೋರಿಸಲು ಮಾತ್ರ ಬಳಸಿದೆ.

ತೋರಿಸದೆ ಬಿಟ್ಟದ್ದು

ಸಮಿತಿಯಲ್ಲಿ ಬಿಸಿ ಚರ್ಚೆ ನಡೆದದ್ದು ಎಚ್-ಸೂಚ್ಯಂಕದ ಬಗ್ಗೆ. ಹೋರ್ಹೆ ಹರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಮುಂದಿಟ್ಟ, ಲೇಖನಗಳೆಷ್ಟು, ಅವನ್ನು ಇತರರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಈ ಅಳತೆಯನ್ನು ಪ್ರತಿ ಪುಟದ ತಲೆಯ ಮೇಲೆ ದೊಡ್ಡದಾಗಿ ಹಾಕಬೇಕೆಂದು ವಿಜ್ಞಾನ ವಿಭಾಗದ ಕೆಲವರು ಕೇಳಿದರು. ಒಬ್ಬರದೇ ಸೂಚ್ಯಂಕ ಲೇಖನಗಳ ಭಂಡಾರವಾದ ಸ್ಕೋಪಸ್‌ನಲ್ಲಿ ಒಂದು, ಗೂಗಲ್ ಸ್ಕಾಲರ್‌ನಲ್ಲಿ ಇನ್ನೊಂದು ಇರುತ್ತದೆ, ಏಕೆಂದರೆ ಅವು ಎಣಿಸುವ ಪತ್ರಿಕೆಗಳ ವ್ಯಾಪ್ತಿಯೇ ಬೇರೆ. ಕನ್ನಡದಲ್ಲಿ ಹತ್ತಾರು ಪುಸ್ತಕ ಬರೆದವರಿಗೆ ಎರಡರಲ್ಲೂ ಸೊನ್ನೆ. ಬೇಕಾದವರು ತಮ್ಮ ಸ್ಕಾಲರ್ ಕೊಂಡಿಯನ್ನು ಒತ್ತಿ ನೋಡಿಕೊಳ್ಳಲಿ, ಸಂಸ್ಥೆಯ ಪುಟದಲ್ಲಿ ಬೇಡ ಎಂದು ನಾನು ವಾದಿಸಿದೆ. ನಿರ್ದೇಶಕರು ಒಪ್ಪಿದರು, ಕೆಲವರ ಅಸಮಾಧಾನ ಹಾಗೆಯೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯ ಖಾನೆಯನ್ನು ಮಾತ್ರ ಒಳಗಿನ ಕೋಷ್ಟಕದಲ್ಲಿ ಉಳಿಸಿದ್ದೇನೆ. ಆ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲಿ ಯುಜಿಸಿ ಕೈಬಿಟ್ಟಿತಾದರೂ, ಹಿಂದೆ ಪ್ರಕಟವಾದ ಲೇಖನ ಆಗ ಪಟ್ಟಿಯಲ್ಲಿತ್ತೇ ಎಂಬ ಪ್ರಶ್ನೆ ಹಳೆಯ ವರ್ಷಗಳ ಕಡತಗಳಲ್ಲಿ ಬರುತ್ತಲೇ ಇರುತ್ತದೆ.

ಬಯೋಡೇಟಾಗಳಲ್ಲಿ ಜನ್ಮದಿನಾಂಕ, ಜಾತಿ ಪ್ರವರ್ಗ, ಪ್ಯಾನ್, ಮನೆಯ ವಿಳಾಸ, ಮೊಬೈಲ್ ಎಲ್ಲ ಇದ್ದವು. ಪರಿವರ್ತಿಸಿದ ಪಠ್ಯವನ್ನು ಇಡಿಯಾಗಿ ಪುಟಕ್ಕೆ ಸುರಿಯುವ ಬದಲು ಹೆಸರಿಸಿದ ಆರು ಖಾನೆಗಳಷ್ಟೇ ಹೊರಗೆ ಹೋಗುವಂತೆ ಕಟ್ಟಿದ್ದೇನೆ, ಉಳಿದದ್ದು ಕೋಶಕ್ಕೆ ಸೇರುವುದೇ ಇಲ್ಲ. ಅತಿಥಿ ಉಪನ್ಯಾಸಕರಿಗೆ ಪುಟ ಬೇಕೇ ಎಂದು ಕೇಳಿದವರಿದ್ದರು. ಪಾಠ ಮಾಡುತ್ತಾರೆ, ಬರೆಯುತ್ತಾರೆ, ಲೇಖನದಲ್ಲಿ ನಮ್ಮ ಸಂಸ್ಥೆಯ ಹೆಸರನ್ನು ಹಾಕುತ್ತಾರೆ. ಪುಟವಿಲ್ಲ ಎನ್ನಲು ನನಗೆ ಕಾರಣ ಸಿಗಲಿಲ್ಲ. ಅವರು ಬೇರೆ ಕಾಲೇಜಿಗೆ ಹೋದರೆ ಪುಟ ಅಳಿಯದೆ ಹಿಂದಿನ ಅಧ್ಯಾಪಕರು ಎಂಬ ವಿಭಾಗಕ್ಕೆ ಸರಿಯುತ್ತದೆ, ಆರ್ಕಿಡ್ ಸಂಖ್ಯೆಯಂತೂ ಅವರ ಜೊತೆಗೇ ಹೋಗುತ್ತದೆ.

ಅಕ್ಟೋಬರಿನ ಮೊದಲ ವಾರ ಪುಟಗಳನ್ನು ಮತ್ತೆ ಮೇಲೇರಿಸಿದೆವು. ಶಾಸನಗಳ ಮೇಡಂ ಅವರ ಪುಸ್ತಕಗಳೂ ಲೇಖನಗಳೂ ಎರಡು ಚೀಲಗಳಲ್ಲಿ ಗ್ರಂಥಾಲಯಕ್ಕೆ ಬಂದಿವೆ, ಮೊದಲ ಚೀಲದ ನಮೂದು ಮುಗಿದಿದೆ. ವಿದ್ವಾನ್‌ಗೆ ಕೊಡಬೇಕಾದ ಖಾನೆಗಳಿಗೆ ನಮ್ಮ ಖಾನೆಗಳನ್ನು ಹೊಂದಿಸುವ ಸ್ಕ್ರಿಪ್ಟ್ ಅರ್ಧಕ್ಕೆ ನಿಂತಿದೆ. ಅನುಮಾನದ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಲೇಖನಗಳು ಉಳಿದಿದ್ದು, ಅವುಗಳ ಲೇಖಕರನ್ನು ಖುದ್ದಾಗಿ ಕಂಡು ಕೇಳಲು ದೀಪಾವಳಿ ರಜೆ ಮುಗಿಯುವುದನ್ನು ಕಾಯುತ್ತಿದ್ದೇನೆ.